ಗಣಕಸಮೂಹದಲ್ಲಿ ಪೈಥಾನ್ ಪ್ಯಾಕೇಜ್: ಸ್ಥಾಪನೆಯ ಕ್ರಮ

ಹಳೆಯ ಕನ್ನಡ ಗ್ರಂಥಗಳ ಲಕ್ಷಾಂತರ ಪುಟಚಿತ್ರಗಳಿಂದ ಅಕ್ಷರಗಳನ್ನು ಗುರುತಿಸಿ ಪದಪ್ರಯೋಗಗಳನ್ನು ಎಣಿಸಲು ಒಂದೇ ಗಣಕಯಂತ್ರ ಸಾಲದು. ಅನೇಕ ಗಣಕಗಳನ್ನು ಜೋಡಿಸಿದ ಸಮೂಹವನ್ನು, ಅಂದರೆ ಕ್ಲಸ್ಟರನ್ನು, ಆಶ್ರಯಿಸಬೇಕು.

ಕ್ಲಸ್ಟರ್ ಹಲವು ಸಂಶೋಧಕರ ಸಾಮೂಹಿಕ ಸ್ವತ್ತು. ಅಲ್ಲಿ ಕೆಲಸಗಳ ಪಾಳಿ ಗೊತ್ತುಪಡಿಸುವ ತಂತ್ರಾಂಶಗಳಲ್ಲಿ ಸ್ಲರ್ಮ್ ಒಂದು. ‘ಪಾಳಿ’ ನಮ್ಮ ಗಡಿಭಾಗದ ಕನ್ನಡಕ್ಕೂ ಮರಾಠಿಗೂ ಸಮಾನವಾದ ಮಾತು. ನಮ್ಮ ಪೈಥಾನ್ ಕೆಲಸವನ್ನು ಆ ಪಾಳಿಗೆ ಒಪ್ಪಿಸಿಕೊಡುವುದು ಡಾಸ್ಕ್-ಜಾಬ್‌ಕ್ಯೂ ಎಂಬ ಪ್ಯಾಕೇಜ್.

ಮೊದಲು ಲಾಗಿನ್ ಗಣಕವನ್ನು ಪ್ರವೇಶಿಸಿ ‘ಮಾಡ್ಯೂಲ್ ಲೋಡ್’ ಆದೇಶದಿಂದ ಪೈಥಾನನ್ನು ಬರಮಾಡಿಕೊಳ್ಳಬೇಕು. ವ್ಯವಸ್ಥೆಯ ಮೂಲ ಪೈಥಾನನ್ನು ಬದಲಿಸುವ ಅಧಿಕಾರ ಸಾಮಾನ್ಯ ಬಳಕೆದಾರನಿಗಿಲ್ಲ. ಆದುದರಿಂದ ‘ವೆನ್ವ್’ ಸಾಧನದಿಂದ ತನ್ನ ಕಡತಕೋಶದಲ್ಲಿ ಪ್ರತ್ಯೇಕ ಪರಿಸರವನ್ನು ನಿರ್ಮಿಸಿ, ಸಕ್ರಿಯಗೊಳಿಸಿ, ಅದರೊಳಗೆ ‘ಪಿಪ್ ಇನ್‌ಸ್ಟಾಲ್ ಡಾಸ್ಕ್-ಜಾಬ್‌ಕ್ಯೂ’ ಎಂದು ಆದೇಶಿಸಬೇಕು. ಆ ಕೋಶ ಸಮೂಹದ ಎಲ್ಲ ಗಣಕಗಳಿಗೂ ಕಾಣುವಂತಿರಬೇಕು. ಇಲ್ಲವಾದರೆ ಪಾಳಿ ಬಂದಾಗ ಕೆಲಸ ನಿಂತುಹೋಗುತ್ತದೆ. ಲಾಗಿನ್ ಗಣಕ ಇಂಥ ಸಿದ್ಧತೆಗಷ್ಟೇ. ಭಾರದ ಎಣಿಕೆಯನ್ನು ಅಲ್ಲಿಯೇ ನಡೆಸಿದರೆ ಉಳಿದವರ ದಾರಿಗೆ ಅಡ್ಡ ನಿಂತಂತೆ.

ಕೊನೆಗೆ ‘ಪಿಪ್ ಫ್ರೀಜ್’ ನೀಡುವ ಆವೃತ್ತಿಗಳ ಪಟ್ಟಿಯನ್ನು ಕಾದಿಡಬೇಕು. ಗ್ರಂಥಸಂಪಾದಕನು ತಾನು ಬಳಸಿದ ಓಲೆಪ್ರತಿಗಳನ್ನೂ ಪಾಠಾಂತರಗಳನ್ನೂ ಏಕೆ ದಾಖಲಿಸುತ್ತಾನೆಂಬುದನ್ನು ನೀವು ಓದಿದ್ದೀರಿ. ಇಲ್ಲಿಯೂ ಹಾಗೆಯೇ: ಆವೃತ್ತಿ ಬದಲಾದರೆ ಅಕ್ಷರಗಳ ಗುರುತೂ ಪದಗಳ ಎಣಿಕೆಯೂ ಬದಲಾಗಬಹುದು. ಪಟ್ಟಿಯಿಲ್ಲದ ಎಣಿಕೆಯನ್ನು ಮುಂದಿನ ವಿದ್ವಾಂಸನು ಪರಿಶೀಲಿಸಲಾರನು. ಪರಿಶೀಲನೆಗೆ ಒದಗದ್ದು ಸಂಶೋಧನೆ ಎನಿಸಿಕೊಳ್ಳದು.

ಅಭ್ಯಾಸ: ‘ಪಾಳಿ’, ‘ಸರದಿ’, ‘ಕ್ಯೂ’ ಪದಗಳ ಅರ್ಥಛಾಯೆಗಳನ್ನು ಹೋಲಿಸಿರಿ.