ಚರ್ಚಾಪಾಠ: ಸ್ಥಿರಾಸ್ತಿ ಮಧ್ಯವರ್ತಿಗೆ ಸ್ವಂತ ಜಾಲತಾಣ ಬೇಕೆ?

ಉದ್ದೇಶ: ಜಾಹೀರಾತಿಗೂ ದಾಖಲೆಗೂ ಇರುವ ಅಂತರವನ್ನರಿತು, ಪ್ರೌಢಶಾಲಾ ವಿದ್ಯಾರ್ಥಿಗಳು ಆಧಾರಸಹಿತವಾಗಿ ವಾದಿಸುವುದು.

ಹಿನ್ನೆಲೆ: ನೈಂಟಿನೈನ್ ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್‌ಗಳಂತಹ ಸಾಮಾನ್ಯ ತಾಣಗಳಲ್ಲಿ ಅನೇಕ ಮಧ್ಯವರ್ತಿಗಳು ತೋರಿಸುವ ಮನೆ, ನಿವೇಶನಗಳು ಒಂದೆಡೆ ದೊರೆಯುತ್ತವೆ, ಹಣ ತೆತ್ತವರ ಜಾಹೀರಾತು ಮೇಲಕ್ಕೆ ಬರುವುದೂ ಉಂಟು. ಮಧ್ಯವರ್ತಿಯ ಸ್ವಂತ ತಾಣದಲ್ಲಿ ಆಯ್ಕೆ ಕಡಿಮೆ; ಆದರೆ ಆಡಿದ ಮಾತಿಗೆ ಹೊಣೆ ಯಾರೆಂಬುದು ಸ್ಪಷ್ಟ. ಮಾರಿಹೋದ ಆಸ್ತಿಯನ್ನು ಪಟ್ಟಿಯಲ್ಲಿ ಉಳಿಸಿ ಗಿರಾಕಿಯನ್ನು ಸೆಳೆಯುವ ದೋಷ ಎರಡರಲ್ಲಿಯೂ ಸಾಧ್ಯ.

2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ 9ನೆಯ ಪ್ರಕರಣದಂತೆ, ನೋಂದಾಯಿತ ಯೋಜನೆಯ ನಿವೇಶನ ಅಥವಾ ಫ್ಲ್ಯಾಟುಗಳ ಮಾರಾಟಕ್ಕೆ ನೆರವಾಗುವ ಮಧ್ಯವರ್ತಿ ನೋಂದಣಿ ಪಡೆದಿರಬೇಕು. 10ನೆಯ ಪ್ರಕರಣ ಸುಳ್ಳು ವಿವರಣೆಯನ್ನು ನಿಷೇಧಿಸುತ್ತದೆ. ಹೊಲ, ತೋಟಗಳ ಮಾರಾಟಕ್ಕೆ ಸಾಮಾನ್ಯವಾಗಿ ಈ ರಕ್ಷಣೆ ಒದಗದು.

ಚಟುವಟಿಕೆ: ತರಗತಿಯನ್ನು ಮೂರು ಗುಂಪು ಮಾಡಿರಿ. ಮೊದಲ ಗುಂಪು ಸ್ವಂತ ತಾಣದ ಪರ, ಎರಡನೆಯದು ಸಾಮಾನ್ಯ ತಾಣದ ಪರ ವಾದಿಸಲಿ. ಮೂರನೆಯ ಗುಂಪು ಪ್ರತಿಯೊಂದು ವಾದಕ್ಕೂ ಈ ಪ್ರಶ್ನೆಗಳನ್ನು ಹಾಕಲಿ: ಹೇಳಿದವರು ಯಾರು? ಯಾವ ದಿನಾಂಕದ ವಿವರ? ನೋಂದಣಿ ಸಂಖ್ಯೆ ಇದೆಯೆ? ಯಾವ ದಾಖಲೆಯಲ್ಲಿ ಪರಿಶೀಲಿಸಬಹುದು? ಕರ್ನಾಟಕದಲ್ಲಿ ಪಹಣಿ ಎನ್ನುವಂತೆ ಸೊಲ್ಲಾಪುರದಲ್ಲಿ ಸಾತ್‌ಬಾರಾ ಉತಾರಾ ಇದೆ. ತಾಳವಾಡಿಯಲ್ಲಿ ಪಟ್ಟಾ ನೋಡಬೇಕು. ಆಯಾ ಊರಿನ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿಸಿರಿ.

ಸಾರ: ಸ್ವಂತ ತಾಣ ನಡೆಸುವುದು ತಪ್ಪಲ್ಲ, ಹೆಸರು, ನೋಂದಣಿ ಸಂಖ್ಯೆ, ದಿನಾಂಕಗಳನ್ನು ಮರೆಮಾಚುವುದು ತಪ್ಪು. ಗಡಿನಾಡಿನ ಎಷ್ಟೋ ಮನೆಗಳಲ್ಲಿ ರಾಜ್ಯಭಾಷೆಯ ಕಾಗದಪತ್ರವನ್ನು ಹಿರಿಯರಿಗೆ ಓದಿ ಹೇಳುವವರು ಮಕ್ಕಳೇ. ಚಿತ್ರ ನೋಡಿ ಮುಂಗಡ ಕೊಡುವ ಮೊದಲು ದಾಖಲೆ ಕೇಳಬೇಕೆಂಬ ವಿವೇಕ ಅವರಲ್ಲಿ ಮೂಡಿದರೆ ಪಾಠ ಸಾರ್ಥಕ.