ಗಾಳಿಯಿಂದ ತಣಿಯುವ ಮೋಟಾರು ಸೈಕಲ್ಲಿಗೆ ಯಾವ ಎಣ್ಣೆ?



ಜೀಪು, ಪಿಕಪ್ಪು ಎಲ್ಲ ಸದಸ್ಯರ ಮನೆಯಲ್ಲೂ ಇಲ್ಲ. ಆದರೆ ಮೋಟಾರು ಸೈಕಲ್ ಇಲ್ಲದ ತೋಟದ ಮನೆ ಈಗ ಅಪರೂಪ. ಬೆಳಿಗ್ಗೆ ಡೇರಿಗೆ ಹಾಲು, ಮಧ್ಯಾಹ್ನ ತೋಟಕ್ಕೆ ಗೊಬ್ಬರದ ಚೀಲ, ಸಂಜೆ ಪೇಟೆಯಿಂದ ಸಾಮಾನು, ಎಲ್ಲಕ್ಕೂ ಅದೇ ಆಧಾರ. ಹೀಗೆ ದುಡಿಯುವ ಯಂತ್ರದ ಆಯುಸ್ಸು ನಿಂತಿರುವುದು ಅದರ ಹೊಟ್ಟೆಯೊಳಗಿನ ಸುಮಾರು ಒಂದು ಲೀಟರ್ ಎಣ್ಣೆಯ ಮೇಲೆ. ಆದರೂ ಅದನ್ನು ಕೊಳ್ಳುವಾಗ ನಾವು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಯಾವ ಕಂಪನಿಯದು? ಎಷ್ಟು ರೂಪಾಯಿ? ಇವೆರಡಕ್ಕಿಂತ ಮುಖ್ಯವಾದ ಸಂಗತಿ ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಓದಿ ತಿಳಿಯುವ ಕ್ರಮವನ್ನೂ, ನಮ್ಮ ಕಡೆಯ ಮಳೆ, ಏರು, ಧೂಳಿಗೆ ತಕ್ಕಂತೆ ಎಣ್ಣೆ ಬದಲಿಸುವ ಕ್ರಮವನ್ನೂ ಇಲ್ಲಿ ವಿವರಿಸಿದ್ದೇವೆ.

ಒಂದೇ ಎಣ್ಣೆಗೆ ಹಲವು ಕೆಲಸ

ಕಾರು, ಜೀಪುಗಳಲ್ಲಿ ಇಂಜಿನ್ನಿಗೆ ಒಂದು ಎಣ್ಣೆ, ಗೇರುಪೆಟ್ಟಿಗೆಗೆ ಬೇರೊಂದು ಎಣ್ಣೆ. ಅವುಗಳ ಕ್ಲಚ್ಚು ಸಾಮಾನ್ಯವಾಗಿ ಒಣಗಿದ್ದು, ಎಣ್ಣೆಯನ್ನು ಸೋಕುವುದಿಲ್ಲ. ಇಂದಿನ ನಾಲ್ಕು ಸ್ಟ್ರೋಕಿನ ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲು ಹಾಗಲ್ಲ. ಪಿಸ್ಟನ್ನಿಗೆ ಜಾರಿಕೆ ಕೊಡುವ ಎಣ್ಣೆಯೇ ಗೇರಿನ ಹಲ್ಲುಗಳ ನಡುವೆಯೂ ಹಾಯುತ್ತದೆ. ಕ್ಲಚ್ಚಿನ ಬಿಲ್ಲೆಗಳೂ ಅದರಲ್ಲೇ ನೆನೆದಿರುತ್ತವೆ. ಪಿಸ್ಟನ್ನಿಗೆ ಜಾರುವ ಎಣ್ಣೆ ಬೇಕು. ಕ್ಲಚ್ಚಿಗೆ ಅತಿಯಾಗಿ ಜಾರದ ಎಣ್ಣೆ ಬೇಕು. ಈ ಎರಡು ವಿರುದ್ಧ ಬೇಡಿಕೆಗಳನ್ನು ಒಂದೇ ಎಣ್ಣೆ ಪೂರೈಸಬೇಕಾಗಿದೆ.

ಇದರ ಮೇಲೆ ಶಾಖದ ಪ್ರಶ್ನೆ. ನಮ್ಮ ಗಾಡಿಗಳಿಗೆ ರೇಡಿಯೇಟರ್ ಇಲ್ಲ. ಸಿಲಿಂಡರಿನ ಹೊರಗಿನ ರೆಕ್ಕೆಗಳಿಗೆ ತಗಲುವ ಗಾಳಿ ಮತ್ತು ಒಳಗೆ ಹರಿಯುವ ಎಣ್ಣೆ, ಇವೆರಡೇ ಶಾಖವನ್ನು ಹೊರಹಾಕಬೇಕು. ಬಯಲು ರಸ್ತೆಯಲ್ಲಿ ಓಡುವಾಗ ಗಾಳಿ ಸಾಕಷ್ಟು ಸಿಗುತ್ತದೆ. ಆದರೆ ಹಿಂದೆ ಒಂದು ಮೂಟೆ ಕಟ್ಟಿಕೊಂಡು ಒಂದನೇ ಗೇರಿನಲ್ಲಿ ತೋಟದ ಏರು ಹತ್ತುವಾಗ ಇಂಜಿನ್ ಹೆಚ್ಚು ಸುತ್ತುತ್ತದೆ, ಗಾಳಿ ಕಡಿಮೆ ಬೀಸುತ್ತದೆ. ಆಗ ಹೊರೆಯೆಲ್ಲ ಎಣ್ಣೆಯ ಮೇಲೆ. ಎಣ್ಣೆಯ ಶಾಖ 10 ಡಿಗ್ರಿ ಏರಿದಂತೆಲ್ಲ ಅದು ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ತಜ್ಞರು ಬಳಸುವ ಸ್ಥೂಲ ಲೆಕ್ಕ. ಗೇರಿನ ಹಲ್ಲುಗಳು ಎಣ್ಣೆಯನ್ನು ಅರೆದು ಅದರ ದಪ್ಪವನ್ನು ಕ್ರಮೇಣ ಕಡಿಮೆ ಮಾಡುವುದೂ ಉಂಟು.

ಡಬ್ಬಿಯ ಮೇಲಿನ ಮೂರು ಗುರುತುಗಳು

ಮೊದಲನೆಯದು ದಪ್ಪದ ಗುರುತು. ಇದನ್ನು ಎಸ್.ಎ.ಇ. ಅಂಕಿ ಎನ್ನುತ್ತಾರೆ. 10ಡಬ್ಲ್ಯೂ-30, 20ಡಬ್ಲ್ಯೂ-40, 20ಡಬ್ಲ್ಯೂ-50 ಎಂದು ಬರೆದಿರುತ್ತದೆ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ. ಅಂಕಿ ಚಿಕ್ಕದಾದಷ್ಟೂ ತಣ್ಣಗಿನ ಇಂಜಿನ್ನಿನಲ್ಲಿ ಎಣ್ಣೆ ಬೇಗ ಹರಿಯುತ್ತದೆ. ಆದರೆ ಈ ಪರೀಕ್ಷೆ ನಡೆಯುವುದು ಸೊನ್ನೆಗಿಂತ ಕೆಳಗಿನ ಶಾಖದಲ್ಲಿ. ಆದಕಾರಣ ಮಲೆನಾಡಿನ ಚಳಿಗೆ 20ಡಬ್ಲ್ಯೂ ಎಣ್ಣೆಯೂ ಹೆಪ್ಪುಗಟ್ಟುವ ಭಯವಿಲ್ಲ.

ಎರಡನೆಯ ಅಂಕಿ ಬಿಸಿಯಾದಾಗಿನ ದಪ್ಪಕ್ಕೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದಾಗ 30ರ ಎಣ್ಣೆ 9.3ರಿಂದ 12.5 ಸೆಂಟಿಸ್ಟೋಕ್, 40ರದು 12.5ರಿಂದ 16.3, 50ರದು 16.3ರಿಂದ 21.9ರ ಒಳಗೆ ಇರಬೇಕು. ಅಂದರೆ 30ಕ್ಕೂ 50ಕ್ಕೂ ಹೆಚ್ಚುಕಡಿಮೆ ಒಂದಕ್ಕೆರಡರ ಅಂತರವಿದೆ. ಹೀರೋ ಸ್ಪ್ಲೆಂಡರಿಗೆ ತಯಾರಕರು ಹೇಳಿರುವುದು 10ಡಬ್ಲ್ಯೂ-30. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ 15ಡಬ್ಲ್ಯೂ-50. ಎರಡೂ ಗಾಳಿಯಿಂದ ತಣಿಯುವ ಗಾಡಿಗಳೇ. ಆದರೆ ಒಳಗಿನ ಸಂದು, ಎಣ್ಣೆಯ ದಾರಿ, ಪಂಪು ಬೇರೆ ಬೇರೆ. ‘ದಪ್ಪ ಎಣ್ಣೆ ಹಾಕಿದರೆ ಇಂಜಿನ್ ಗಟ್ಟಿ’ ಎಂಬ ಮಾತನ್ನು ನಂಬಿ ಸ್ಪ್ಲೆಂಡರಿಗೆ 50ರ ಎಣ್ಣೆ ಸುರಿಯಬಾರದು. ಸವೆದು ಹೊಗೆ ಬಿಡುವ ಇಂಜಿನ್ನಿನಲ್ಲಿ ದಪ್ಪ ಎಣ್ಣೆಯಿಂದ ಹೊಗೆ ಸ್ವಲ್ಪ ತಗ್ಗಬಹುದು, ಸವೆದ ಬೋರು ಸರಿಯಾಗುವುದಿಲ್ಲ.

ಎರಡನೆಯದು ಗುಣದ ಗುರುತು, ಎ.ಪಿ.ಐ. ದರ್ಜೆ. ಎಸ್ ಅಕ್ಷರದಿಂದ ಆರಂಭವಾದರೆ ಪೆಟ್ರೋಲ್ ಇಂಜಿನ್ನಿಗೆ, ಸಿ ಅಕ್ಷರದಿಂದ ಆರಂಭವಾದರೆ ಡೀಸೆಲ್ ಇಂಜಿನ್ನಿಗೆ. ಎಸ್.ಜೆ., ಎಸ್.ಎಲ್., ಎಸ್.ಎಂ., ಎಸ್.ಎನ್. ಹೀಗೆ ಎರಡನೆಯ ಅಕ್ಷರ ಮುಂದೆ ಹೋದಷ್ಟೂ ದರ್ಜೆ ಹೊಸದು.

ಮೂರನೆಯ ಗುರುತೇ ಮೋಟಾರು ಸೈಕಲ್ಲಿಗೆ ಅತಿ ಮುಖ್ಯವಾದದ್ದು, ನಾವು ಅತಿ ಕಡಿಮೆ ನೋಡುವುದೂ ಅದನ್ನೇ. ಅದು ಜಾಸೋ ಗುರುತು. ಜಪಾನಿನವರು 1998ರಲ್ಲಿ ನಾಲ್ಕು ಸ್ಟ್ರೋಕಿನ ಮೋಟಾರು ಸೈಕಲ್ಲುಗಳಿಗೆಂದೇ ಈ ಮಾನದಂಡವನ್ನು ಜಾರಿಗೆ ತಂದರು. ಎಂ.ಎ. ಅಥವಾ ಎಂ.ಎ.2 ಎಂದಿದ್ದರೆ ಎಣ್ಣೆಯಲ್ಲಿ ನೆನೆದ ಕ್ಲಚ್ಚು ಜಾರುವುದಿಲ್ಲವೆಂದು ಪರೀಕ್ಷೆಯಾಗಿದೆ ಎಂದರ್ಥ. ಎಂ.ಬಿ. ಎಂದಿದ್ದರೆ ಅದು ಒಣ ಕ್ಲಚ್ಚಿನ, ಗೇರಿಲ್ಲದ ಸ್ಕೂಟರಿಗೆ. ಮನೆಯಲ್ಲಿ ಸ್ಕೂಟರು, ಬೈಕು ಎರಡೂ ಇರುವವರು ಈ ಒಂದು ಅಕ್ಷರವನ್ನು ತಪ್ಪದೆ ನೋಡಬೇಕು.

ಟ್ರ್ಯಾಕ್ಟರಿನ ಎಣ್ಣೆ ಆಗದೇ?

ಅನೇಕ ಸದಸ್ಯರ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರಿಗೋ ಪಿಕಪ್ಪಿಗೋ ತಂದ 15ಡಬ್ಲ್ಯೂ-40ರ ಡೀಸೆಲ್ ಎಣ್ಣೆಯ ಕ್ಯಾನು ಇರುತ್ತದೆ. ‘ಅದೂ ಇಂಜಿನ್ ಎಣ್ಣೆಯೇ, ಒಂದು ಲೀಟರ್ ಬಗ್ಗಿಸಿದರಾಯಿತು’ ಎನ್ನುವುದು ಸಹಜ. ಆ ಎಣ್ಣೆ ಕೆಟ್ಟದ್ದಲ್ಲ, ಅದರ ಕೆಲಸ ಬೇರೆ. ಕ್ಲಚ್ಚಿನ ಪರೀಕ್ಷೆ ಅದಕ್ಕೆ ಆಗಿದೆಯೆಂಬ ಖಾತ್ರಿಯಿಲ್ಲ. ಇಂಧನ ಉಳಿಸಲೆಂದು ಜಾರುಗುಣದ ರಾಸಾಯನಿಕ ಸೇರಿಸಿದ ಕಾರಿನ ಎಣ್ಣೆಗಳಲ್ಲಂತೂ ಕ್ಲಚ್ಚು ಜಾರುವ ಸಂಭವ ಇನ್ನೂ ಹೆಚ್ಚು. ಏರಿನಲ್ಲಿ ಇಂಜಿನ್ನಿನ ಸದ್ದು ಏರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಇದೇ ಅದರ ಲಕ್ಷಣ. ಡಬ್ಬಿಯ ಮೇಲೆ ಜಾಸೋ ಎಂ.ಎ. ಇದ್ದು, ದಪ್ಪದ ಅಂಕಿ ಕೈಪಿಡಿಗೆ ಹೊಂದಿದರೆ ಮಾತ್ರ ಹಾಕಬಹುದು.

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆ ನಮ್ಮ ಬೆಳೆಯ ಹೆಸರಿನಲ್ಲೇ ಇದೆ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ, ಕೊಯ್ಲಿನ ಹಂಗಾಮಿನಲ್ಲಿ ಇಂಜಿನ್ ಬಿಚ್ಚಿಸಿ, ಸಾವಿರಾರು ರೂಪಾಯಿಯ ಜೊತೆಗೆ ಹತ್ತು ದಿನದ ಕೆಲಸವನ್ನೂ ಕಳೆದುಕೊಳ್ಳುವುದು ಲಾಭದ ವ್ಯವಹಾರವಲ್ಲ.

ಎರಡು ಸ್ಟ್ರೋಕಿನ ಗಾಡಿಗಳು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ ಅಲ್ಲಿ ತಯಾರಾದ ಹಳೆಯ ಯೆಜ್ಡಿಗಳು ನಮ್ಮ ಕಡೆ ಇನ್ನೂ ಓಡುತ್ತಿವೆ. ಅವುಗಳಿಗೂ, ಆರ್.ಎಕ್ಸ್.100, ಹಳೆಯ ಟಿ.ವಿ.ಎಸ್. ಎಕ್ಸ್.ಎಲ್. ಗಾಡಿಗಳಿಗೂ ಬೇಕಾದದ್ದು ಪೆಟ್ರೋಲಿನೊಡನೆ ಉರಿದುಹೋಗುವ 2ಟಿ ಎಣ್ಣೆ. ಇದರಲ್ಲಿ ಜಾಸೋ ಎಫ್.ಸಿ. ಅಥವಾ ಎಫ್.ಡಿ. ಎಂದಿದ್ದರೆ ಹೊಗೆ ಕಡಿಮೆ. ನಾಲ್ಕು ಸ್ಟ್ರೋಕಿನ ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸಬಾರದು. ಟಿ.ವಿ.ಎಸ್. ಎಕ್ಸ್.ಎಲ್.100 ನಾಲ್ಕು ಸ್ಟ್ರೋಕಿನ ಗಾಡಿ. ಅದರ ಪೆಟ್ರೋಲಿಗೆ ಯಾವ ಎಣ್ಣೆಯೂ ಬೇಡ. ಕಳೆ ಕತ್ತರಿಸುವ ಯಂತ್ರ, ಪವರ್ ಸ್ಪ್ರೇಯರ್‌ಗಳ ವಿಷಯದಲ್ಲೂ ಇದೇ ಎಚ್ಚರಿಕೆ. ಎರಡು ಸ್ಟ್ರೋಕಿನ ಯಂತ್ರದ ಮೇಲೆ 1:50 ಎಂದು ಬರೆದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ. 1:25 ಎಂದಿದ್ದರೆ 40.

ಯಾವಾಗ ಬದಲಿಸಬೇಕು?

ಕೈಪಿಡಿಯಲ್ಲಿ ಕಿಲೋಮೀಟರಿನ ಲೆಕ್ಕ ಇರುತ್ತದೆ. ಆದರೆ ನಮ್ಮ ಓಡಾಟ ಕಿಲೋಮೀಟರಿನಲ್ಲಿ ಕಡಿಮೆ, ಕಷ್ಟದಲ್ಲಿ ಹೆಚ್ಚು. ಮಳೆಗಾಲದಲ್ಲಿ ಮನೆಯಿಂದ ಡೇರಿಗೆ ಎರಡು ಕಿಲೋಮೀಟರ್ ಹೋಗಿ ನಿಲ್ಲಿಸುವ ಗಾಡಿಯಲ್ಲಿ ಎಣ್ಣೆ ಪೂರ್ಣ ಬಿಸಿಯಾಗುವುದೇ ಇಲ್ಲ. ಒಳಗೆ ಕೂಡಿದ ತೇವ ಆವಿಯಾಗಿ ಹೋಗದೆ ಎಣ್ಣೆಯಲ್ಲೇ ಉಳಿಯುತ್ತದೆ. ಅಳತೆಕಡ್ಡಿಯಲ್ಲಿ ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿಯಬೇಕು. ಕೇವಲ ಕಪ್ಪಾಗಿದ್ದರೆ ಗಾಬರಿ ಬೇಡ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೂ ಎಣ್ಣೆಯ ಕೆಲಸವೇ.

ಆದುದರಿಂದ ನಮ್ಮ ಸಲಹೆ ಹೀಗಿದೆ. ಕೈಪಿಡಿಯ ಕಿಲೋಮೀಟರ್ ಅಥವಾ ಹಂಗಾಮು, ಯಾವುದು ಮೊದಲು ಬಂದೀತೋ ಆಗ ಬದಲಿಸಿ. ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ; ಕಾಫಿ ಕೊಯ್ಲಿನ ಧೂಳು, ಹೊರೆ ಮುಗಿದ ಮೇಲೆ, ಬೇಸಿಗೆಯ ಬಿಸಿ ಏರುವ ಮುನ್ನ ಮಾರ್ಚಿನಲ್ಲಿ ಒಮ್ಮೆ. ಮಳೆಗಾಲದ ನಡುವೆ ಹಾಲುಬಣ್ಣ ಕಂಡರೆ ಕಾಯದೆ ಬದಲಿಸಿ. ದುಬಾರಿ ಸಿಂಥೆಟಿಕ್ ಎಣ್ಣೆ ಶಾಖವನ್ನು ಹೆಚ್ಚು ತಡೆಯುತ್ತದೆ ನಿಜ, ಆದರೆ ಸೇರಿದ ನೀರನ್ನು ಅದೂ ಹೊರಹಾಕಲಾರದು. ಸಣ್ಣ ಗಾಡಿಗೆ ಸರಿಯಾದ ಗುರುತಿನ ಸಾಧಾರಣ ಎಣ್ಣೆಯನ್ನು ಸಕಾಲಕ್ಕೆ ಬದಲಿಸುವುದೇ ಲೇಸು.

ಬದಲಿಸುವ ಕ್ರಮ

1. ಐದು ನಿಮಿಷ ಇಂಜಿನ್ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಡುಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ ಎಣ್ಣೆ ಇಳಿಸಿ. ಬಿಸಿ ಎಣ್ಣೆಯೊಡನೆ ಕಸವೂ ಇಳಿಯುತ್ತದೆ. ಕೈ ಸುಡದಂತೆ ನೋಡಿಕೊಳ್ಳಿ.

2. ಫಿಲ್ಟರ್ ಕಾಗದದ್ದಾದರೆ ಕೈಪಿಡಿ ಹೇಳಿದಾಗ ಹೊಸದು ಹಾಕಿ, ಜಾಲರಿಯಾದರೆ ತೊಳೆಸಿ.

3. ಡಬ್ಬಿಯಲ್ಲಿ ಒಂದು ಲೀಟರ್ ಇದೆಯೆಂದು ಪೂರ್ತಿ ಸುರಿಯಬೇಡಿ. ಹೆಚ್ಚಾದರೆ ಎಣ್ಣೆ ನೊರೆಯಾಗಿ, ಸೀಲುಗಳಿಂದ ಒಸರುತ್ತದೆ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ತೂಗಿಯೇ ಹಾಕುವವರು ನಾವು. ಇಲ್ಲೂ ಅಳೆದೇ ಹಾಕಬೇಕು.

4. ವಾರಕ್ಕೊಮ್ಮೆ ಮಟ್ಟ ನೋಡಿ. ಗಾಳಿಯಿಂದ ತಣಿಯುವ ಇಂಜಿನ್ ಸ್ವಲ್ಪ ಎಣ್ಣೆಯನ್ನು ಸುಡುವುದು ಸಹಜ. ಮಟ್ಟ ಇಳಿದಿದ್ದರೆ ಎಷ್ಟು ಒಳ್ಳೆಯ ಎಣ್ಣೆಯಾದರೂ ಇಂಜಿನ್ನನ್ನು ಕಾಯಲಾರದು.

5. ಸಿಲಿಂಡರಿನ ರೆಕ್ಕೆಗಳ ನಡುವೆ ಮೆತ್ತಿದ ಕೆಮ್ಮಣ್ಣನ್ನು ತೆಗೆಯಿರಿ. ಮಣ್ಣು ಕಟ್ಟಿದರೆ ಗಾಳಿ ತಾಗದು, ಎಣ್ಣೆ ಬೇಗ ಸುಡುತ್ತದೆ. ಬಿಸಿ ಇಂಜಿನ್ನಿಗೆ ತಣ್ಣೀರು ಎರಚಬೇಡಿ.

ಇಳಿಸಿದ ಎಣ್ಣೆಯನ್ನು ಹಳ್ಳಕ್ಕೋ ಅಡಿಕೆ ಬುಡಕ್ಕೋ ಚೆಲ್ಲಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಅದೂ ಸೇರಿದೆ. ಅದು ಚರ್ಮಕ್ಕೂ ಕೆಟ್ಟದ್ದು. ಕೈಯನ್ನು ಸಾಬೂನಿನಿಂದ ತೊಳೆಯಿರಿ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಖಾಲಿ ಡಬ್ಬಿಗೆ ತೂತು ಮಾಡಿ ಬಿಸಾಡಿ. ಇಲ್ಲವಾದರೆ ಅದರಲ್ಲೇ ನಕಲಿ ಎಣ್ಣೆ ತುಂಬಿ ಮತ್ತೆ ನಮಗೇ ಮಾರುವವರಿದ್ದಾರೆ. ಕೊಳ್ಳುವಾಗ ಸೀಲು ನೋಡಿ, ರಸೀದಿ ಪಡೆಯಿರಿ.

ಮುಂದಿನ ಸಲ ಅಂಗಡಿಗೆ ಹೋಗುವ ಮೊದಲು ಗಾಡಿಯ ಕೈಪಿಡಿ ತೆರೆದು ದಪ್ಪದ ಅಂಕಿ, ಎ.ಪಿ.ಐ. ದರ್ಜೆ, ಜಾಸೋ ಅಕ್ಷರ, ಹಾಕಬೇಕಾದ ಅಳತೆ, ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಕ್ಕಳನ್ನೋ ಆಳನ್ನೋ ಎಣ್ಣೆ ತರಲು ಕಳುಹಿಸಿದರೂ ಆ ಚೀಟಿಯನ್ನೇ ಕೊಟ್ಟು ಕಳುಹಿಸಿ.