ಆನ್‌ಲೈನ್ ಅಂಗಡಿಗೆ ಹೋಸ್ಟಿಂಗ್: ಮೊದಲು ಹೊರಬರುವ ದಾರಿ ನೋಡಿಕೊಳ್ಳಿ

ಸ್ವಂತ ವೆಬ್‌ಸೈಟ್ ಮಾಡಿಕೊಂಡು ವ್ಯಾಪಾರ ಶುರು ಮಾಡುವವರು ಮೊದಲು ಕೇಳುವುದು, ‘ಯಾವ ಕಂಪನಿಯ ಹೋಸ್ಟಿಂಗ್ ಒಳ್ಳೆಯದು?’ ಎಂದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ನಾಳೆ ಈ ಕಂಪನಿ ಸರಿಬರದಿದ್ದರೆ ನಮ್ಮ ಸೈಟು, ಅದರ ಹೆಸರು, ಗಿರಾಕಿಗಳ ವಿವರ, ಹಳೆಯ ಆರ್ಡರುಗಳು ಎಲ್ಲವನ್ನೂ ಎತ್ತಿಕೊಂಡು ಬೇರೆ ಕಡೆ ಹೋಗಲು ಆಗುತ್ತದೆಯೇ? ಆಗುವುದಾದರೆ ಆಯ್ಕೆ ತಪ್ಪಿದರೂ ಸರಿಪಡಿಸಿಕೊಳ್ಳಬಹುದು. ಇಲ್ಲವಾದರೆ ಎಷ್ಟು ಹೆಸರುವಾಸಿ ಕಂಪನಿಯಾದರೂ ನೀವು ಅವರ ಮರ್ಜಿಗೆ ಬಿದ್ದಂತೆಯೇ.

ಉದಾಹರಣೆಗೆ, ಶಿರಸಿ ಕಡೆಯ ಮನೆ ಉದ್ಯಮವೊಂದನ್ನು ಇಟ್ಟುಕೊಳ್ಳೋಣ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಜೇನುತುಪ್ಪ, ಹಲಸಿನ ಹಪ್ಪಳ ಎಂದು ನಲವತ್ತೈವತ್ತು ಪದಾರ್ಥಗಳು. ಗಿರಾಕಿಗಳು ಹೆಚ್ಚಾಗಿ ಬೆಂಗಳೂರು, ಹುಬ್ಬಳ್ಳಿ, ಮುಂಬೈಯವರು.

ಹೋಸ್ಟಿಂಗ್ ಬೇಕೇ ಬೇಕೆ?

ದಿನಕ್ಕೆ ನಾಲ್ಕೈದು ಆರ್ಡರ್ ಬರುವ ಹಂತದಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಕ್ಯಾಟಲಾಗ್ ಮತ್ತು ಯುಪಿಐ ಸಾಕು. ತಾಂತ್ರಿಕ ತಲೆನೋವು ಬೇಡ ಎನ್ನುವವರಿಗೆ ಶಾಪಿಫೈ ತರಹದ ಸಿದ್ಧ ಅಂಗಡಿಗಳಿವೆ, ಅಲ್ಲಿ ಹೋಸ್ಟಿಂಗ್ ಬಾಡಿಗೆಯಲ್ಲೇ ಸೇರಿರುತ್ತದೆ. ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಹಾಕಿ ಸ್ವಂತ ಅಂಗಡಿ ಕಟ್ಟಿಕೊಳ್ಳುತ್ತೇವೆ ಎನ್ನುವವರಿಗೆ ಮಾತ್ರ ಮುಂದಿನ ಮಾತು.

ಹೆಸರು ನಿಮ್ಮ ಹೆಸರಿನಲ್ಲೇ ಇರಲಿ

ಡೊಮೈನ್ ಬೇರೆ, ಹೋಸ್ಟಿಂಗ್ ಬೇರೆ. ಡೊಮೈನ್ ಎಂದರೆ ಗಿರಾಕಿ ಟೈಪ್ ಮಾಡುವ ವಿಳಾಸ. ಹೋಸ್ಟಿಂಗ್ ಎಂದರೆ ಸೈಟಿನ ಕಡತಗಳು ಕುಳಿತಿರುವ ಕಂಪ್ಯೂಟರಿನ ಬಾಡಿಗೆ. ಎರಡನ್ನೂ ಬೇರೆ ಬೇರೆ ಕಂಪನಿಗಳಲ್ಲಿ ತೆಗೆದುಕೊಳ್ಳುವುದೇ ಕ್ಷೇಮ ಎಂಬುದು ನನ್ನ ಖಚಿತ ಅಭಿಪ್ರಾಯ. ಹೋಸ್ಟಿಂಗ್ ಕಂಪನಿಯೊಡನೆ ಜಗಳವಾದರೂ ವಿಳಾಸ ನಿಮ್ಮ ಕೈಯಲ್ಲಿ ಉಳಿಯುತ್ತದೆ.

ಸಣ್ಣ ಉದ್ಯಮಗಳು ಹೆಚ್ಚು ಪೆಟ್ಟು ತಿನ್ನುವುದು ಇಲ್ಲಿಯೇ. ಸೈಟ್ ಮಾಡಿಕೊಟ್ಟ ಹುಡುಗ ತನ್ನದೇ ಇಮೇಲ್ ಹಾಕಿ ಡೊಮೈನ್ ನೋಂದಾಯಿಸಿರುತ್ತಾನೆ. ಎರಡು ವರ್ಷದ ನಂತರ ಅವನು ಬೇರೆ ಊರಿಗೆ, ಬೇರೆ ಕೆಲಸಕ್ಕೆ ಹೋಗಿರುತ್ತಾನೆ. ನವೀಕರಣದ ನೋಟಿಸು ಅವನ ಇಮೇಲಿಗೆ ಹೋಗುತ್ತದೆ, ಇಲ್ಲಿ ಅಂಗಡಿ ಮುಚ್ಚುತ್ತದೆ. ಅವಧಿ ಮೀರಿ ಅಳಿಸಿಹೋದ ಡಾಟ್ ಕಾಮ್ ಹೆಸರನ್ನು ಬಿಡಿಸಿಕೊಳ್ಳಲು ಆಮೇಲೆ 30 ದಿನಗಳ ಅವಕಾಶವೇನೋ ಇದೆ, ಆದರೆ ಅದರ ಶುಲ್ಕ ಮಾಮೂಲಿ ನವೀಕರಣಕ್ಕಿಂತ ಹಲವು ಪಟ್ಟು. ಆದ್ದರಿಂದ ಖಾತೆಯನ್ನು ನಿಮ್ಮ ಇಮೇಲ್, ನಿಮ್ಮ ಮೊಬೈಲ್ ಸಂಖ್ಯೆಯಲ್ಲೇ ತೆರೆಯಿರಿ. ಡೊಮೈನ್ ಬೇರೆ ಕಂಪನಿಗೆ ಒಯ್ಯಲು ‘ಆಥ್ ಕೋಡ್’ ಬೇಕು, ಅದು ಖಾತೆಯಲ್ಲೇ ಸಿಗುತ್ತದೆಯೇ ನೋಡಿಕೊಳ್ಳಿ. ಸೈಟ್ ಮಾಡುವವರಿಗೆ ಬೇಕಿದ್ದರೆ ಪ್ರತ್ಯೇಕ ಲಾಗಿನ್ ಕೊಡಿ, ಮೂಲ ಪಾಸ್‌ವರ್ಡ್ ಕೊಡಬೇಡಿ.

ಎರಡನೆಯ ಅವಧಿಯ ಬೆಲೆ ಕೇಳಿ

‘ತಿಂಗಳಿಗೆ 99 ರೂಪಾಯಿ ಮಾತ್ರ’ ಎಂಬಂಥ ಜಾಹೀರಾತಿನ ಕೆಳಗೆ ಸಣ್ಣ ಅಕ್ಷರಗಳಿರುತ್ತವೆ. ಆ ದರ ಸಿಗಬೇಕಾದರೆ 48 ತಿಂಗಳ ಹಣವನ್ನು ಒಟ್ಟಿಗೆ ಕಟ್ಟಬೇಕು, ನವೀಕರಣದ ದರ ತಿಂಗಳಿಗೆ 349 ಎಂದಿದೆ ಎಂದುಕೊಳ್ಳಿ. ಲೆಕ್ಕ ಹಾಕಿ ನೋಡೋಣ. ಮೊದಲ ನಾಲ್ಕು ವರ್ಷಕ್ಕೆ 4,752 ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿದರೆ ಸುಮಾರು 5,607. ಐದನೆಯ ವರ್ಷ ಒಂದಕ್ಕೇ 4,188, ತೆರಿಗೆ ಸೇರಿ ಸುಮಾರು 4,942. ನಾಲ್ಕು ವರ್ಷಕ್ಕೆ ಕೊಟ್ಟಷ್ಟನ್ನು ಹತ್ತಿರಹತ್ತಿರ ಒಂದೇ ವರ್ಷಕ್ಕೆ ಕೊಟ್ಟ ಹಾಗಾಯಿತು. ಕಂಪನಿಗಳನ್ನು ಹೋಲಿಸುವಾಗ ಜಾಹೀರಾತಿನ ದರ ಬಿಟ್ಟು ನವೀಕರಣದ ದರಗಳನ್ನೇ ಪಕ್ಕಪಕ್ಕ ಬರೆದುಕೊಳ್ಳಿ. ಮೊದಲ ಸಲ ಒಂದೇ ವರ್ಷಕ್ಕೆ ಕಟ್ಟಿ. ತಿಂಗಳ ದರ ಸ್ವಲ್ಪ ಹೆಚ್ಚಾದರೂ ನಾಲ್ಕು ವರ್ಷ ಕಟ್ಟಿಹಾಕಿಕೊಳ್ಳುವುದಕ್ಕಿಂತ ಅದೇ ವಾಸಿ. ಜಿಎಸ್‌ಟಿ ನೋಂದಣಿ ಇದ್ದವರು ಬಿಲ್ಲಿನಲ್ಲಿ ತಮ್ಮ ಸಂಖ್ಯೆ ಹಾಕಿಸಿಕೊಳ್ಳಲು ಮರೆಯಬಾರದು.

ವಿದೇಶಿ ಕಂಪನಿಗೆ ಕಾರ್ಡಿನಿಂದ ತಾನಾಗಿ ಹಣ ಹೋಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್‌ನಿಂದ ಬಿಗಿಯಾಗಿದೆ. ಅದರ ಪ್ರಕಾರ ನೋಂದಣಿಯಾಗದ ಸ್ವಯಂಚಾಲಿತ ಪಾವತಿಗಳನ್ನು ಬ್ಯಾಂಕ್ ನಿರಾಕರಿಸುತ್ತದೆ. ನವೀಕರಣದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

‘ಅನ್‌ಲಿಮಿಟೆಡ್’ ಎಂದರೆ ಎಷ್ಟು?

ಆರಂಭಕ್ಕೆ ಶೇರ್ಡ್ ಹೋಸ್ಟಿಂಗ್ ಸಾಕಾಗುತ್ತದೆ, ಅಂದರೆ ಒಂದೇ ಸರ್ವರಿನಲ್ಲಿ ನೂರಾರು ಸೈಟುಗಳು. ‘ಅನ್‌ಲಿಮಿಟೆಡ್’ ಎಂದು ಬರೆದಿದ್ದರೂ ಮಿತಿ ಇದ್ದೇ ಇರುತ್ತದೆ, ಅದು ಜಾಗದ ಮೇಲಲ್ಲ, ಸಿಪಿಯು, ಮೆಮೊರಿ ಮತ್ತು ಏಕಕಾಲಕ್ಕೆ ನಡೆಯಬಹುದಾದ ಪ್ರಕ್ರಿಯೆಗಳ ಮೇಲೆ. ಬ್ಲಾಗಿಗೆ ಇದು ತಟ್ಟುವುದಿಲ್ಲ, ಅಂಗಡಿಗೆ ತಟ್ಟುತ್ತದೆ. ಉಪ್ಪಿನಕಾಯಿಯ ಫೋಟೊ ಇರುವ ಪುಟವನ್ನು ಒಮ್ಮೆ ಸಿದ್ಧಮಾಡಿಟ್ಟು ಎಲ್ಲರಿಗೂ ಅದನ್ನೇ ತೋರಿಸಬಹುದು. ಕಾರ್ಟ್, ಬಿಲ್ಲಿಂಗ್ ಪುಟಗಳು ಹಾಗಲ್ಲ, ಪ್ರತಿ ಗಿರಾಕಿಗೂ ಸರ್ವರ್ ಹೊಸದಾಗಿ ಲೆಕ್ಕ ಮಾಡಬೇಕು. ಹಬ್ಬದ ಹಿಂದಿನ ವಾರ ಐವತ್ತು ಜನ ಒಟ್ಟಿಗೆ ಬಂದರೆ ಅಗ್ಗದ ಪ್ಲಾನ್ ಅಲ್ಲೇ ಕೈಚೆಲ್ಲುತ್ತದೆ. ಗಿರಾಕಿಯ ಪರದೆಯಲ್ಲಿ ‘508’ ಎಂಬ ದೋಷ ಸಂಖ್ಯೆ ಬಂದರೆ ಸಾಮಾನ್ಯವಾಗಿ ಈ ಮಿತಿ ಮುಟ್ಟಿದೆ ಎಂದೇ ಅರ್ಥ. ಅದಕ್ಕಿಂತ ಕೆಟ್ಟದ್ದು, ಯುಪಿಐ ಹಣ ಕಟ್ ಆದ ಕ್ಷಣದಲ್ಲೇ ಸರ್ವರ್ ಉಸಿರುಗಟ್ಟುವುದು. ಪೇಮೆಂಟ್ ಗೇಟ್‌ವೇ ಕಳುಹಿಸಿದ ಸಂದೇಶ ಸೈಟಿಗೆ ತಲುಪುವುದಿಲ್ಲ, ದುಡ್ಡು ಹೋಗಿರುತ್ತದೆ, ಆರ್ಡರ್ ಕಾಣುವುದಿಲ್ಲ. ಆಮೇಲೆ ಗಿರಾಕಿಯ ಫೋನು.

ಆದ್ದರಿಂದ ವೂಕಾಮರ್ಸ್ ಹಾಕುವವರು ಕನಿಷ್ಠ 256 ಎಂಬಿ ಮೆಮೊರಿ, ಏಕಕಾಲದ ಪ್ರಕ್ರಿಯೆಗಳ ಮಿತಿ, ವರ್ಡ್‌ಪ್ರೆಸ್ ಓಡುವ ಪಿಎಚ್‌ಪಿ ಭಾಷೆಯ ಹೊಸ ಆವೃತ್ತಿ ಈ ಮೂರನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಅದೇ ಕಂಪನಿಯಲ್ಲಿ ವಿಪಿಎಸ್ (ಸರ್ವರಿನಲ್ಲಿ ನಿಮಗೇ ಮೀಸಲಾದ ಪಾಲು) ಅಥವಾ ಕ್ಲೌಡ್ ಪ್ಲಾನಿಗೆ ಏರಲು ಅವಕಾಶವಿದೆಯೇ ಎಂಬುದನ್ನೂ ಕೇಳಿ.

ಸರ್ವರ್ ಎಲ್ಲಿದೆ?

ಗಿರಾಕಿಗಳು ಇಲ್ಲಿಯವರಾದರೆ ಸರ್ವರ್ ಭಾರತದಲ್ಲೇ ಇರಲಿ. ದೊಡ್ಡ ಕ್ಲೌಡ್ ಕಂಪನಿಗಳ ಡೇಟಾ ಸೆಂಟರುಗಳು ಮುಂಬೈಯಲ್ಲಿವೆ. ಅಲ್ಲಿಂದ ಬೆಂಗಳೂರಿಗೆ ಸಂದೇಶ ಹೋಗಿಬರಲು ಕೆಲವು ಹತ್ತು ಮಿಲಿಸೆಕೆಂಡು ಸಾಕು, ಅಮೆರಿಕದ ಸರ್ವರಿಗೆ 200ಕ್ಕೂ ಹೆಚ್ಚು ಬೇಕು. ಒಂದು ಪುಟ ತೆರೆಯಲು ಇಂಥ ಹಲವು ಹೋಗಿಬರುವಿಕೆ ಬೇಕಾಗುವುದರಿಂದ ಹಳ್ಳಿಯ ಮೊಬೈಲ್ ನೆಟ್‌ವರ್ಕಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

‘99.9% ಅಪ್‌ಟೈಮ್’ ಎಂಬ ಭರವಸೆಯಲ್ಲೂ ತಿಂಗಳಿಗೆ 43 ನಿಮಿಷ ಸೈಟ್ ನಿಲ್ಲಲು ಅವಕಾಶವಿದೆ. ನಿಂತರೆ ಸಿಗುವ ಪರಿಹಾರವೂ ಬಾಡಿಗೆಯ ಸಣ್ಣ ಪಾಲಷ್ಟೇ, ನಿಮ್ಮ ವ್ಯಾಪಾರದ ನಷ್ಟವಲ್ಲ. ಸೈಟ್ ಮತ್ತು ಗಿರಾಕಿಯ ನಡುವಿನ ಮಾಹಿತಿಯನ್ನು ಗುಟ್ಟಾಗಿಡುವ ಎಸ್ಎಸ್ಎಲ್‌ಗೆ ಬೇರೆ ದುಡ್ಡು ಕೇಳುವ ಪ್ಲಾನ್ ಬೇಡ. ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಉಚಿತ, ಸಣ್ಣ ಅಂಗಡಿಗೆ ಅದು ಸಾಕು.

ಬ್ಯಾಕಪ್ ಅವರಲ್ಲಿದ್ದರೆ ಸಾಲದು

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬ್ಯಾಕಪ್ಪನ್ನೂ ಅದೇ ಜಾಗದಲ್ಲಿ ಇಟ್ಟುಕೊಂಡಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಹೋಸ್ಟಿಂಗ್ ಕಂಪನಿ ದಿನವೂ ಬ್ಯಾಕಪ್ ಮಾಡುತ್ತದೆ ಎಂದರೆ ಒಳ್ಳೆಯದೇ, ಆದರೆ ಇನ್ನೊಂದು ಪ್ರತಿ ಗೂಗಲ್ ಡ್ರೈವಿಗೋ ಮನೆಯ ಹಾರ್ಡ್ ಡಿಸ್ಕಿಗೋ ಬರುತ್ತಿರಲಿ. ಕಡತಗಳು ಮತ್ತು ಡೇಟಾಬೇಸ್ ಎರಡೂ ಬೇಕು. ಫೋಟೊಗಳು ಕಡತದಲ್ಲಿರುತ್ತವೆ, ಆರ್ಡರುಗಳು ಡೇಟಾಬೇಸಿನಲ್ಲಿ. ಆ ಪ್ರತಿಯಿಂದ ಸೈಟ್ ಮತ್ತೆ ಏಳುತ್ತದೆಯೇ ಎಂದು ಒಮ್ಮೆ ಮಾಡಿಯೇ ನೋಡಬೇಕು.

ದುಡ್ಡು ಕಟ್ಟುವ ಮುಂಚೆ, ಕಟ್ಟಿದ ಮೇಲೆ

ಸಹಾಯವಾಣಿಯನ್ನು ಭಾನುವಾರ ರಾತ್ರಿ ಪರೀಕ್ಷಿಸಿ. ‘ನನ್ನ ಸೈಟನ್ನು ಬೇರೆ ಕಂಪನಿಗೆ ಒಯ್ಯಬೇಕಾದರೆ ಪೂರ್ತಿ ಬ್ಯಾಕಪ್ ಕೊಡುತ್ತೀರಾ?’ ಎಂದು ಚಾಟಿನಲ್ಲಿ ಕೇಳಿ. ನೇರ ಉತ್ತರ ಬಂದರೆ ಮುಂದುವರಿಯಿರಿ. ಮಾತು ತೇಲಿಸಿದರೆ ಆ ಕಂಪನಿ ಬೇಡ.

ಹಲವು ಕಂಪನಿಗಳು 30 ದಿನದೊಳಗೆ ಬೇಡವೆಂದರೆ ಹಣ ವಾಪಸ್ ಕೊಡುತ್ತವೆ, ಡೊಮೈನ್ ಶುಲ್ಕ ಮಾತ್ರ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಖರೀದಿಸಿದ ಮೊದಲ ವಾರದಲ್ಲೇ ಸೈಟ್ ಹಾಕಿ, ಹತ್ತಾರು ಪರಿಚಿತರಿಗೆ ಒಂದೇ ಹೊತ್ತಿಗೆ ಆರ್ಡರ್ ಮಾಡಲು ಹೇಳಿ ನೋಡಿ. ಸೈಟ್ ತಡವರಿಸಿದರೆ ಅವಧಿ ಮುಗಿಯುವವರೆಗೆ ಕಾಯದೆ ಅಂದೇ ಹಣ ವಾಪಸ್ ಕೇಳಿ.